ಮೈ ಕಾಣಿಸಿದ್ದು ಯಾವಾಗ ಅಪರಾಧವಾಗುತ್ತದೆ?

ಕ್ಯಾಲಿಫೋರ್ನಿಯಾದ ಒಂದು ಕಡಲತೀರಕ್ಕೆ ಒಬ್ಬಾತ ಗೆಳೆಯನ ಜೊತೆ ಹೋದ. ಜನ ಅಷ್ಟಾಗಿ ಬಾರದ ಜಾಗ ಅದು. ಬಟ್ಟೆಯೆಲ್ಲ ಬಿಚ್ಚಿಟ್ಟು, ಟವೆಲ್ ಹಾಸಿಕೊಂಡು, ಬಿಸಿಲಿಗೆ ಅಂಗಾತ ಮಲಗಿ ನಿದ್ದೆಹೋದ. ಎಚ್ಚರವಾದಾಗ ಎದುರಿಗೆ ಪೊಲೀಸರು. ಅಷ್ಟೊತ್ತಿಗೆ ತೀರದಲ್ಲಿ ಬೇರೆ ಕೆಲವರೂ ಇದ್ದರು. ಕೇಸಾಯಿತು, ಶಿಕ್ಷೆಯಾಯಿತು. ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಂತು: ಲೈಂಗಿಕ ಅಪರಾಧಿಗಳ ಪಟ್ಟಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು ಎಂದರು. ನಿದ್ದೆ ಮಾಡಿದ್ದಕ್ಕೆ!

1972ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಈ ಶಿಕ್ಷೆಯನ್ನು ತೆಗೆದುಹಾಕಿತು. ಬೆತ್ತಲೆ ಇದ್ದ ಅನ್ನುವುದೊಂದೇ ಸಾಲದು ಎಂದಿತು. ತನ್ನ ಗುಪ್ತಾಂಗದ ಕಡೆ ಬೇರೆಯವರ ಕಣ್ಣು ಹರಿಯಲಿ ಎಂದು ಬಯಸಿರಬೇಕು. ಅದರ ಹಿಂದೆ ಲೈಂಗಿಕ ಸುಖದ ಆಸೆಯೋ, ಎದುರಿನವರನ್ನು ಲೈಂಗಿಕವಾಗಿ ಅವಮಾನಿಸುವ ಮನಸ್ಸೋ ಇರಬೇಕು. ಮಲಗಿ ನಿದ್ದೆ ಮಾಡುತ್ತಿದ್ದವನಲ್ಲಿ ಇದು ಯಾವುದೂ ಇರಲಿಲ್ಲ.

ಈ ತೀರ್ಪು ನನಗೆ ಮುಖ್ಯ ಅನಿಸುವುದಕ್ಕೆ ಕಾರಣವಿದೆ. ಮೈ ಕಾಣಿಸಿದ ಕೇಸು ಬಂದಾಗಲೆಲ್ಲ ನಮ್ಮ ಚರ್ಚೆ ಬಟ್ಟೆಯ ಅಳತೆಯ ಸುತ್ತಲೇ ಗಿರಕಿ ಹೊಡೆಯುತ್ತದೆ. ಎಷ್ಟು ಕಂಡಿತು, ಯಾವ ಭಾಗ ಕಂಡಿತು, ಸಂಸ್ಕೃತಿ ಏನಾಯಿತು. ಒಳ್ಳೆಯ ತೀರ್ಪುಗಳನ್ನು ಓದಿದರೆ ಅಲ್ಲಿ ಕೇಳಿರುವ ಪ್ರಶ್ನೆ ಬೇರೆ. ಯಾರು, ಯಾರಿಗೆ, ಅವರ ಒಪ್ಪಿಗೆ ಇಲ್ಲದೆ ಏನು ಮಾಡಿದರು? ಈ ಪ್ರಶ್ನೆಗೆ ಬಂದು ಮುಟ್ಟಲು ಕೋರ್ಟುಗಳಿಗೆ ಮುನ್ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು. ಎಲ್ಲ ಕೋರ್ಟುಗಳೂ ಇನ್ನೂ ಮುಟ್ಟಿಲ್ಲ.

ಕಥೆ ಶುರುವಾಗುವುದು 1663ರ ಲಂಡನ್ನಿನಲ್ಲಿ. ಸರ್ ಚಾರ್ಲ್ಸ್ ಸೆಡ್ಲಿ ಎಂಬ ಶ್ರೀಮಂತ ಕವಿ ಕುಡಿದು, ಕಾವೆಂಟ್ ಗಾರ್ಡನ್‌ನ ಒಂದು ಬಾಲ್ಕನಿಯಲ್ಲಿ ಬೆತ್ತಲೆಯಾಗಿ ನಿಂತ. ಕೆಳಗೆ ಸೇರಿದ ಜನರ ಮೇಲೆ ಬಾಟಲಿ ಎಸೆದ. ಅವತ್ತು ಇದಕ್ಕೆಂದೇ ಒಂದು ಕಾನೂನು ಇರಲಿಲ್ಲ. ಇಂಥ ವಿಷಯ ಧರ್ಮಪೀಠದ ಕೋರ್ಟಿಗೆ ಸೇರಿದ್ದು ಎಂಬ ಭಾವನೆ ಇತ್ತು. ಆದರೂ ರಾಜನ ಕೋರ್ಟು ಅವನಿಗೆ ಭಾರೀ ದಂಡ ಹಾಕಿತು. ಸಾರ್ವಜನಿಕ ಸಭ್ಯತೆಯನ್ನು ಕಾಯುವುದು ತನ್ನ ಕೆಲಸ ಎಂದು ಕೋರ್ಟು ಹೇಳಿಕೊಂಡದ್ದು ಅಲ್ಲಿಂದ.

1809ರಲ್ಲಿ ಬಂದ ಬ್ರೈಟನ್ ಕೇಸು ಇನ್ನೂ ಸ್ವಾರಸ್ಯದ್ದು. ಒಬ್ಬಾತ ಸಮುದ್ರದಲ್ಲಿ ಬೆತ್ತಲೆ ಈಜಿದ. ಎದುರಿಗೆ ಸಾಲು ಮನೆಗಳು, ಅವುಗಳ ಕಿಟಕಿಗಳಿಂದ ಎಲ್ಲ ಕಾಣುತ್ತಿತ್ತು. ಅವನ ಪರ ವಾದ ಸರಳವಾಗಿತ್ತು: ಜನ ಇಲ್ಲಿ ಹೀಗೆ ಸ್ನಾನ ಮಾಡುವುದು ಹಿಂದಿನಿಂದ ಬಂದದ್ದು, ಮನೆಗಳು ಎದ್ದದ್ದು ಈಚೆಗೆ. ನ್ಯಾಯಾಧೀಶರು ಒಪ್ಪಲಿಲ್ಲ. ಮನೆ ಕಟ್ಟುವ ಮೊದಲು ಅದು ತಪ್ಪಾಗಿರಲಿಕ್ಕಿಲ್ಲ, ಆದರೆ ಸಭ್ಯ ಜನ ವಾಸಕ್ಕೆ ಬಂದ ಕಡೆ ಸಭ್ಯತೆಯ ಕಾನೂನೂ ಬರುತ್ತದೆ ಎಂದರು. ಅದೇ ಸಮುದ್ರ, ಅದೇ ಸ್ನಾನ, ಆದರೆ ನೋಡುವ ಕಣ್ಣು ಬಂದ ಮೇಲೆ ಅಪರಾಧ. ಜಾಗದ ಪ್ರಶ್ನೆ ಈ ಕಾನೂನಿನೊಳಗೆ ಗಟ್ಟಿಯಾಗಿ ಬೇರೂರಿದ್ದು ಹೀಗೆ.

ಉದ್ದೇಶದ ಪ್ರಶ್ನೆ ಬಂದದ್ದು 1824ರ ಇಂಗ್ಲೆಂಡಿನ ಅಲೆಮಾರಿಗಳ ಕಾಯ್ದೆಯಲ್ಲಿ. ಗಂಡಸು ಹೆಂಗಸನ್ನು ಅವಮಾನಿಸುವ ಉದ್ದೇಶದಿಂದ ಮೈ ತೋರಿಸಿದರೆ ಶಿಕ್ಷೆ ಎಂದು ಅದು ಹೇಳಿತು. ಇದನ್ನು ಕಳಚಿ 2003ರಲ್ಲಿ ಹೊಸ ಕಾನೂನು ಮಾಡಿದರು. ಈಗ ಅಲ್ಲಿ ಗಂಡು ಹೆಣ್ಣು ಭೇದವಿಲ್ಲ. ಬೇಕೆಂದೇ ಗುಪ್ತಾಂಗ ತೋರಿಸಿರಬೇಕು, ಯಾರಾದರೂ ನೋಡಲಿ, ನೋಡಿ ಗಾಬರಿಯಾಗಲಿ ಅಥವಾ ಸಂಕಟಪಡಲಿ ಎಂಬ ಉದ್ದೇಶವೂ ಇರಬೇಕು. ಎರಡು ವರ್ಷದವರೆಗೆ ಜೈಲು. ಸುಮ್ನೆ ಬೆತ್ತಲೆ ಇದ್ದವರು ಈ ಸೆಕ್ಷನ್ ಒಳಗೆ ಬರುವುದಿಲ್ಲ.

ನಮ್ಮ ದೇಶದ ಕಾನೂನು ಬೇರೆ ದಾರಿ ಹಿಡಿದಿದೆ. ಭಾರತೀಯ ದಂಡ ಸಂಹಿತೆಯ 294ನೇ ಸೆಕ್ಷನ್ ಈಗ ಭಾರತೀಯ ನ್ಯಾಯ ಸಂಹಿತೆಯ 296 ಆಗಿದೆ. 2024ರ ಜುಲೈ 1ರಿಂದ ಅದು ಜಾರಿಯಲ್ಲಿದೆ. ಸಾರ್ವಜನಿಕ ಜಾಗದಲ್ಲಿ ಅಶ್ಲೀಲ ಕೃತ್ಯ ಮಾಡಿದರೆ, ಅದರಿಂದ ಬೇರೆಯವರಿಗೆ ಕಿರಿಕಿರಿಯಾದರೆ, ಮೂರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಶ್ಲೀಲ ಹಾಡು ಹೇಳಿದವನಿಗೂ ಇದೇ ಸೆಕ್ಷನ್. ಅಶ್ಲೀಲ ಅಂದರೆ ಏನು ಎಂದು ಇಲ್ಲಿ ಬರೆದಿಲ್ಲ. ಆ ಕೆಲಸವನ್ನು ಕೋರ್ಟಿಗೆ ಬಿಟ್ಟಿದ್ದಾರೆ.

ಹಾಗಾಗಿ ಇಲ್ಲಿನ ವಕೀಲರು ಸೆಕ್ಷನ್‌ನ ಒಂದೊಂದು ಪದವನ್ನೂ ಹಿಡಿದು ಎಳೆದಾಡುತ್ತಾರೆ. ಜಾಗ ಸಾರ್ವಜನಿಕವೇ? ಖಾಸಗಿ ಫ್ಲ್ಯಾಟಿನೊಳಗೆ ನಡೆದದ್ದು ಈ ಸೆಕ್ಷನ್‌ಗೆ ಬರುವುದಿಲ್ಲ ಎಂದು 2016ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಕಿರಿಕಿರಿ ಯಾರಿಗಾಯಿತು? ಇದು ಬಹಳ ಕೇಸುಗಳು ಬಿದ್ದುಹೋಗುವ ಜಾಗ. 2023ರ ಅಕ್ಟೋಬರ್‌ನಲ್ಲಿ ಅದೇ ಹೈಕೋರ್ಟಿನ ನಾಗಪುರ ಪೀಠದ ಮುಂದೆ ಬಂದ ಕೇಸು ನೋಡಿ. ಒಂದು ರೆಸಾರ್ಟಿನ ಹಾಲ್‌ನಲ್ಲಿ ಗಿಡ್ಡ ಸ್ಕರ್ಟ್ ಹಾಕಿದ ಹೆಂಗಸರು ಕುಣಿಯುತ್ತಿದ್ದರು. ಪೊಲೀಸರು ದಾಳಿ ಮಾಡಿ ಎಫ್‌ಐಆರ್ ಹಾಕಿದರು. ಅಶ್ಲೀಲ ಎಂದು ಅನಿಸಿದ್ದು ಪೊಲೀಸರಿಗೆ. ಅಲ್ಲಿದ್ದ ಪ್ರೇಕ್ಷಕರಲ್ಲಿ ಯಾರೂ ತಮಗೆ ತೊಂದರೆಯಾಯಿತು ಎಂದಿರಲಿಲ್ಲ. ಪೊಲೀಸ್ ಅಧಿಕಾರಿಗೆ ಅನಿಸಿದ್ದೇ ಅಳತೆಗೋಲು ಆಗಲಾರದು ಎಂದು ಪೀಠ ಎಫ್‌ಐಆರ್ ರದ್ದು ಮಾಡಿತು.

ಇಲ್ಲೊಂದು ಗೊಂದಲ ಬಿಡಿಸಿಕೊಳ್ಳಬೇಕು. ಎದುರಿಗೆ ನಿಂತು ಮೈ ತೋರಿಸುವುದು ಒಂದು. ಮೈ ಕಾಣುವ ಫೋಟೊ, ಸಿನಿಮಾ, ಚಿತ್ರ ಇನ್ನೊಂದು. ಕಾನೂನಿನಲ್ಲಿ ಎರಡಕ್ಕೂ ಬೇರೆ ಬೇರೆ ಸೆಕ್ಷನ್ ಇವೆ. ಆದರೆ ಅಶ್ಲೀಲ ಎಂಬ ಅಳತೆ ಎರಡಕ್ಕೂ ಬೇಕು. ಆ ಅಳತೆ ಬೆಳೆದದ್ದೆಲ್ಲ ಹೆಚ್ಚಾಗಿ ಚಿತ್ರ, ಪುಸ್ತಕಗಳ ಕೇಸುಗಳಲ್ಲೇ.

1868ರಲ್ಲಿ ಇಂಗ್ಲೆಂಡಿನ ಹಿಕ್ಲಿನ್ ಕೇಸು ಒಂದು ಪರೀಕ್ಷೆ ಕೊಟ್ಟಿತು. ಕೆಟ್ಟ ಪ್ರಭಾವಕ್ಕೆ ಬೇಗ ಒಳಗಾಗುವ ಮನಸ್ಸನ್ನು ಈ ಪುಸ್ತಕ ಅಥವಾ ಚಿತ್ರ ಕೆಡಿಸುತ್ತದೆಯೇ ಎಂದು ಕೇಳುವುದೇ ಆ ಪರೀಕ್ಷೆ. ಅಂದರೆ ಅತ್ಯಂತ ದುರ್ಬಲ ಮನಸ್ಸಿನವನು ಎಲ್ಲರ ಪರವಾಗಿ ತೀರ್ಮಾನ ಮಾಡುತ್ತಾನೆ. ಸ್ವಾತಂತ್ರ್ಯ ಬಂದ ಮೇಲೂ ನಮ್ಮ ಸುಪ್ರೀಂ ಕೋರ್ಟ್ 1964ರಲ್ಲಿ ಇದನ್ನೇ ಒಪ್ಪಿ ಮುಂಬೈನ ಒಬ್ಬ ಪುಸ್ತಕ ವ್ಯಾಪಾರಿಯ ಶಿಕ್ಷೆ ಎತ್ತಿಹಿಡಿಯಿತು. ಇದನ್ನು ಕೈಬಿಡಲು ಅರ್ಧ ಶತಮಾನ ಬೇಕಾಯಿತು.

ಕೈಬಿಟ್ಟದ್ದು 2014ರ ಫೆಬ್ರವರಿಯ ಅವೀಕ್ ಸರ್ಕಾರ್ ತೀರ್ಪಿನಲ್ಲಿ. ಟೆನಿಸ್ ಆಟಗಾರ ಬೋರಿಸ್ ಬೆಕರ್ ತನ್ನ ಭಾವೀ ಪತ್ನಿಯ ಜೊತೆ ಬೆತ್ತಲೆ ನಿಂತ ಫೋಟೊ ಆ ಕೇಸಿಗೆ ಕಾರಣ. ತೆಗೆದವರು ಆಕೆಯ ತಂದೆಯೇ. ಆಕೆ ಕಪ್ಪು ಮೈಬಣ್ಣದವಳು, ಬೆಕರ್ ಬಿಳಿಯ. ವರ್ಣಭೇದದ ವಿರುದ್ಧ ದನಿಯೆತ್ತುವುದು ಆ ಫೋಟೊದ ಉದ್ದೇಶವಾಗಿತ್ತು. ಜರ್ಮನ್ ಪತ್ರಿಕೆಯಲ್ಲಿ ಬಂದದ್ದನ್ನು 1993ರಲ್ಲಿ ಕೋಲ್ಕತ್ತದ ಪತ್ರಿಕೆಗಳು ಮರುಮುದ್ರಿಸಿದವು. ಒಬ್ಬ ವಕೀಲರು ದೂರು ಕೊಟ್ಟರು. ಇಪ್ಪತ್ತು ವರ್ಷ ಕಳೆದ ಮೇಲೆ ಸುಪ್ರೀಂ ಕೋರ್ಟ್ ಹೇಳಿತು: ಬೆತ್ತಲೆ ಇದ್ದ ಮಾತ್ರಕ್ಕೆ ಅಶ್ಲೀಲವಲ್ಲ. ಚಿತ್ರ ಕಾಮವನ್ನು ಕೆರಳಿಸುವಂತಿದೆಯೇ, ಅದರ ಹಿನ್ನೆಲೆ ಏನು, ಹೇಳುತ್ತಿರುವುದು ಏನು ಎಂದು ನೋಡಬೇಕು. ಅಳತೆ ಇವತ್ತಿನ ಸಮಾಜದ ಸಾಮಾನ್ಯ ಮನುಷ್ಯನದ್ದಿರಬೇಕು, ಅತಿ ಸೂಕ್ಷ್ಮ ಮನಸ್ಸಿನವನದ್ದಲ್ಲ.

ಇದಕ್ಕೆ ದಾರಿ ಮಾಡಿಕೊಟ್ಟ ಇನ್ನೊಂದು ತೀರ್ಪು 1996ರದ್ದು. ಫೂಲನ್ ದೇವಿಯ ಬದುಕಿನ ಬಗೆಗಿನ ಸಿನಿಮಾದಲ್ಲಿ ಹೆಣ್ಣೊಬ್ಬಳನ್ನು ಊರವರ ಮುಂದೆ ಬೆತ್ತಲೆ ನಡೆಸುವ ದೃಶ್ಯವಿತ್ತು. ಅದನ್ನು ನೋಡಿದವರಿಗೆ ಕಾಮ ಹುಟ್ಟುವುದಿಲ್ಲ, ಹಾಗೆ ಮಾಡಿದವರ ಮೇಲೆ ಅಸಹ್ಯ ಹುಟ್ಟುತ್ತದೆ, ದೃಶ್ಯ ಇರುವುದೇ ಅದಕ್ಕಾಗಿ ಎಂದು ಕೋರ್ಟ್ ಒಪ್ಪಿತು.

ಕೇರಳ ಹೈಕೋರ್ಟಿನ ಎರಡು ತೀರ್ಪುಗಳನ್ನೂ ಇಲ್ಲಿ ನೆನೆಯಬೇಕು. 2018ರಲ್ಲಿ ಮಲಯಾಳಂ ಪತ್ರಿಕೆಯೊಂದರ ಮುಖಪುಟದಲ್ಲಿ ಮಗುವಿಗೆ ಮೊಲೆಯೂಡಿಸುವ ಹೆಣ್ಣಿನ ಚಿತ್ರ ಬಂತು. ಎಷ್ಟು ಪ್ರಯತ್ನಪಟ್ಟರೂ ಅದರಲ್ಲಿ ಅಶ್ಲೀಲ ಕಾಣಿಸುತ್ತಿಲ್ಲ, ರವಿವರ್ಮನಂಥವರ ಚಿತ್ರ ನೋಡುವ ಕಣ್ಣಿನಲ್ಲೇ ಇದನ್ನೂ ನೋಡಿದೆವು ಎಂದರು ನ್ಯಾಯಮೂರ್ತಿಗಳು. 2023ರ ಜೂನ್‌ನ ಕೇಸು ಇದಕ್ಕಿಂತ ತೊಡಕಿನದು. ಒಬ್ಬ ತಾಯಿ ತನ್ನ ಬರಿ ಮೈಯ ಮೇಲೆ ಮಕ್ಕಳಿಂದ ಚಿತ್ರ ಬರೆಸಿ ವಿಡಿಯೊ ಹಾಕಿದ್ದಳು. ಹಾಕಿದ್ದು ಪೋಕ್ಸೊ ಕೇಸು. ಮಕ್ಕಳು ತಾಯಿಯ ಮೈಮೇಲೆ ಬಣ್ಣ ಹಚ್ಚಿದ್ದನ್ನು ಲೈಂಗಿಕ ಕೃತ್ಯ ಎನ್ನಲಾಗದು ಎಂದು ಕೋರ್ಟ್ ಆಕೆಯನ್ನು ಬಿಡುಗಡೆ ಮಾಡಿತು. ಕೇರಳದ ಜನಪದ ಕಲೆಗಳಾದ ಪುಲಿಕಳಿಯಲ್ಲಿ, ತೆಯ್ಯಂನಲ್ಲಿ ಗಂಡಸರ ಬರಿ ಮೈಗೆ ಬಣ್ಣ ಬಳಿದರೆ ಯಾರೂ ಪ್ರಶ್ನಿಸುವುದಿಲ್ಲವಲ್ಲ ಎಂದೂ ನೆನಪಿಸಿತು.

ಆ ಕೊನೆಯ ಮಾತು ಈ ಕಾನೂನಿನ ಅತಿ ದೊಡ್ಡ ಬಿರುಕನ್ನು ಮುಟ್ಟುತ್ತದೆ. ಗಂಡಸಿನ ಎದೆ ಕಂಡರೆ ಏನೂ ಇಲ್ಲ, ಹೆಣ್ಣಿನ ಎದೆ ಕಂಡರೆ ಯಾಕೆ ಅಪರಾಧ? 1991ರ ಜುಲೈನ ಸೆಕೆಯಲ್ಲಿ ಕೆನಡಾದ ಗ್ವೆಲ್ಫ್ ಊರಿನ ವಿದ್ಯಾರ್ಥಿನಿಯೊಬ್ಬಳು ಅಂಗಿ ಬಿಚ್ಚಿ ರಸ್ತೆಯಲ್ಲಿ ನಡೆದಳು. 75 ಡಾಲರ್ ದಂಡ ಬಿತ್ತು. 1996ರಲ್ಲಿ ಒಂಟಾರಿಯೊ ಮೇಲ್ಮನವಿ ಕೋರ್ಟ್ ಆಕೆಯನ್ನು ಖುಲಾಸೆ ಮಾಡಿತು. ಇದರಲ್ಲಿ ಲೈಂಗಿಕ ಉದ್ದೇಶವಿರಲಿಲ್ಲ, ಯಾರಿಗೂ ಹಾನಿಯಾಗಲಿಲ್ಲ, ಇಷ್ಟವಿಲ್ಲದವರು ನೋಡುತ್ತಲೇ ನಿಲ್ಲಬೇಕಾಗಿಯೂ ಇರಲಿಲ್ಲ ಎಂದಿತು. 1992ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ಕೋರ್ಟ್ ಕೂಡ ಪಾರ್ಕಿನಲ್ಲಿ ಎದೆ ತೆರೆದು ಕೂತಿದ್ದ ಹೆಂಗಸರ ಮೇಲಿನ ಕೇಸನ್ನು ಕೈಬಿಟ್ಟಿತ್ತು. ಆದರೆ ಅದೇ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಸುಪ್ರೀಂ ಕೋರ್ಟ್ 2019ರಲ್ಲಿ ಹೆಂಗಸರ ಶಿಕ್ಷೆಯನ್ನು ಎತ್ತಿಹಿಡಿಯಿತು. ಅದೇ ವರ್ಷ ಕೊಲೊರಾಡೊದ ಫೋರ್ಟ್ ಕಾಲಿನ್ಸ್ ನಗರದ ಇಂಥದ್ದೇ ನಿಯಮ ಫೆಡರಲ್ ಮೇಲ್ಮನವಿ ಕೋರ್ಟಿನಲ್ಲಿ ಉಳಿಯಲಿಲ್ಲ. ಹೆಣ್ಣಿಗೊಂದು ಗಂಡಿಗೊಂದು ನಿಯಮ ಸರಿಯಲ್ಲ ಎಂದು ಅಲ್ಲಿ ಬಹುಮತದ ತೀರ್ಪು ಬಂತು. ಒಂದೇ ದೇಶ, ಒಂದೇ ಸಂವಿಧಾನ, ಒಂದೇ ವರ್ಷ, ಎರಡು ಉತ್ತರ. ನ್ಯೂ ಹ್ಯಾಂಪ್‌ಶೈರ್ ಕೇಸನ್ನು ಕೈಗೆತ್ತಿಕೊಳ್ಳಲು 2020ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಜರ್ಮನಿಯಲ್ಲಿ ಇದು ತಿರುಗಾಮುರುಗಾ. ಮೈ ತೋರಿಸಿ ಕಾಡುವ ಅಪರಾಧದ ಅಲ್ಲಿನ 183ನೇ ಸೆಕ್ಷನ್ ಗಂಡಸರಿಗೆ ಮಾತ್ರ ಅನ್ವಯಿಸುತ್ತದೆ. ಇದು ತಾರತಮ್ಯ ಎಂದು ಹೋದವರಿಗೆ ಸಂವಿಧಾನ ಕೋರ್ಟಿನಲ್ಲಿ ಜಯ ಸಿಗಲಿಲ್ಲ.

ಉದ್ದೇಶ ಕೆಟ್ಟದ್ದಲ್ಲದಿದ್ದರೆ ಬಿಟ್ಟುಬಿಡಬೇಕು ಅನ್ನುವ ನನ್ನಂಥವರಿಗೆ ಸ್ಟೀಫನ್ ಗಫ್ ಕೇಸು ಕಷ್ಟದ ಪ್ರಶ್ನೆ ಇಡುತ್ತದೆ. ಬ್ರಿಟನ್ನಿನ ತುದಿಯಿಂದ ತುದಿಗೆ ಬೂಟು, ಟೋಪಿ, ಬೆನ್ನಚೀಲ ಬಿಟ್ಟರೆ ಬೇರೇನೂ ಇಲ್ಲದೆ ನಡೆದ ಮನುಷ್ಯ ಈತ. ಲೈಂಗಿಕ ಉದ್ದೇಶ ಇತ್ತು ಎಂದು ಯಾರೂ ಹೇಳಲಿಲ್ಲ. ಮನುಷ್ಯನ ದೇಹದಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಅನ್ನುವುದು ಅವನ ನಂಬಿಕೆ. ಸ್ಕಾಟ್‌ಲೆಂಡಿನಲ್ಲಿ ಶಾಂತಿಭಂಗದ ಕೇಸು ಹಾಕಿದರು. ಕೋರ್ಟಿಗೂ ಬೆತ್ತಲೆ ಬಂದ. ಜೈಲಿಂದ ಹೊರಗೆ ಕಾಲಿಟ್ಟ ಕೂಡಲೇ ಮತ್ತೆ ಹಿಡಿಯುತ್ತಿದ್ದರು. ಹೀಗೆ ಸೇರಿಸಿದರೆ ಏಳು ವರ್ಷಕ್ಕೂ ಜಾಸ್ತಿ ಜೈಲು. 2014ರಲ್ಲಿ ಯುರೋಪಿನ ಮಾನವ ಹಕ್ಕುಗಳ ಕೋರ್ಟು, ಬೆತ್ತಲೆ ಇರುವುದೂ ಅಭಿವ್ಯಕ್ತಿಯ ಒಂದು ರೂಪ ಎಂದು ಒಪ್ಪಿತು. ಒಂದೊಂದು ಸಲದ ತಪ್ಪು ಸಣ್ಣದೇ, ಆದರೆ ಬೇರೆಯವರ ಭಾವನೆಯನ್ನು ಲೆಕ್ಕಿಸದೆ ಪದೇಪದೇ ಮಾಡಿದ್ದಾನೆ, ಆದ್ದರಿಂದ ಶಿಕ್ಷೆ ಸರಿ ಎಂದೂ ಹೇಳಿತು. ನನಗೆ ಈ ತೀರ್ಪು ಅರ್ಧ ಮಾತ್ರ ಒಪ್ಪಿಗೆ. ದಾರಿಯಲ್ಲಿ ಹೋಗುವವರಿಗೂ ತಮ್ಮ ಕಣ್ಣಿನ ಮೇಲೆ ಹಕ್ಕಿದೆ, ನಿಜ. ಆದರೆ ಯಾರನ್ನೂ ಮುಟ್ಟದ, ಹೆದರಿಸದ, ಹಿಂಬಾಲಿಸದ ಮನುಷ್ಯನಿಗೆ ಏಳು ವರ್ಷ ಅಂದರೆ ಅಳತೆ ಎಲ್ಲೋ ತಪ್ಪಿದೆ.

ಯಾಕೆ ತಪ್ಪಿದೆ ಅನ್ನುತ್ತೇನೆ ಎಂದರೆ ಅದೇ ದೇಶದ ಇನ್ನೊಂದು ಕೇಸು ಕಣ್ಣ ಮುಂದಿದೆ. 2021ರ ಫೆಬ್ರವರಿ. ಕೆಂಟ್‌ನ ಒಂದು ಹೋಟೆಲಿನಲ್ಲಿ ಕಾರಿನಲ್ಲೇ ಕೂತು ತಿಂಡಿ ಕೊಳ್ಳುವ ಕಿಟಕಿ ಇತ್ತು. ಒಬ್ಬ ಗ್ರಾಹಕ ದುಡ್ಡು ಕೊಡುವಾಗ ಕಿಟಕಿಯಲ್ಲಿದ್ದ ಹುಡುಗಿಯರಿಗೆ ಗುಪ್ತಾಂಗ ಕಾಣುವಂತೆ ಕೂತಿದ್ದ. ಒಂದು ಸಲ ಫೆಬ್ರವರಿ 14ಕ್ಕೆ, ಇನ್ನೊಂದು ಸಲ 27ಕ್ಕೆ. ಸಿಬ್ಬಂದಿ ಕಾರಿನ ನಂಬರ್ ಬರೆದಿಟ್ಟುಕೊಂಡು ಪೊಲೀಸರಿಗೆ ತಿಳಿಸಿದರು. ಅವನನ್ನು ಬೇಗ ಹಿಡಿಯಲಿಲ್ಲ. ಮಾರ್ಚ್ 3ರ ರಾತ್ರಿ ಅದೇ ಮನುಷ್ಯ ಲಂಡನ್ನಿನ ರಸ್ತೆಯಿಂದ ಒಬ್ಬ ಯುವತಿಯನ್ನು ಅಪಹರಿಸಿ, ಅತ್ಯಾಚಾರ ಮಾಡಿ, ಕೊಂದ. ಅವನ ಹೆಸರು ವೇಯ್ನ್ ಕೌಜನ್ಸ್. ಅವನೇ ಪೊಲೀಸ್ ಅಧಿಕಾರಿ. ಇವೆರಡೂ ಸೇರಿ ಮೈ ತೋರಿಸಿದ ಮೂರು ಘಟನೆಗಳಿಗಾಗಿ ಅವನಿಗೆ 19 ತಿಂಗಳ ಶಿಕ್ಷೆಯಾದದ್ದು 2023ರಲ್ಲಿ. ಅಷ್ಟೊತ್ತಿಗೆ ಅವನು ಕೊಲೆಗೆ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದ. 2024ರ ಫೆಬ್ರವರಿಯಲ್ಲಿ ಈ ಪ್ರಕರಣದ ಬಗ್ಗೆ ಬಂದ ಏಂಜಿಯೊಲಿನಿ ವಿಚಾರಣಾ ವರದಿ, ಇಂಥ ದೂರುಗಳನ್ನು ಪೊಲೀಸರು ಗಂಭೀರವಾಗಿ ತೆಗೆದುಕೊಳ್ಳಲೇಬೇಕು ಎಂದು ಬಿಡಿಸಿ ಹೇಳಿತು.

ಮೈ ತೋರಿಸುವವರೆಲ್ಲ ಕೊಲೆಗಾರರಾಗುತ್ತಾರೆ ಎಂದಲ್ಲ. ನಾನು ಹೇಳುತ್ತಿರುವುದು ಇಷ್ಟು: ಬೆನ್ನಚೀಲ ಹೊತ್ತು ನಡೆದವನಿಗೆ ಜೈಲಿನ ಬಾಗಿಲಲ್ಲೇ ಪೊಲೀಸರು ಕಾದಿದ್ದರು. ಹುಡುಗಿಯರನ್ನು ಆರಿಸಿ ಕಾಡಿದವನ ಕಾರಿನ ನಂಬರ್ ಕೈಯಲ್ಲಿದ್ದೂ ಆತುರ ಇರಲಿಲ್ಲ. ಎಷ್ಟು ಮೈ ಕಂಡಿತು ಅನ್ನುವುದನ್ನೇ ಅಳೆಯುತ್ತ ಕೂತರೆ ಹೀಗಾಗುತ್ತದೆ.

ಕೋರ್ಟಿನಲ್ಲಿ ಉದ್ದೇಶವನ್ನು ಸಾಬೀತು ಮಾಡುವುದು ಹೇಗೆ? ಮನಸ್ಸಿನೊಳಗೆ ಇಣುಕಲು ಆಗುವುದಿಲ್ಲ. ಹಾಗಾಗಿ ನಡವಳಿಕೆಯಿಂದ ಊಹಿಸಬೇಕು. ಸಾಕ್ಷಿ ಕಟ್ಟೆಯಲ್ಲಿ ನಿಂತ ಹೆಣ್ಣಿಗೆ ಬರುವ ಪ್ರಶ್ನೆಗಳು ಇವು: ಅವನ ಮುಖ ಯಾವ ಕಡೆಗಿತ್ತು? ನಿಮ್ಮನ್ನು ನೋಡಿದ ಮೇಲೆ ಮುಚ್ಚಿಕೊಂಡನೋ, ಹಾಗೇ ನಿಂತನೋ? ಕರೆದನೇ, ಸದ್ದು ಮಾಡಿದನೇ, ಕೈ ಆಡಿಸಿದನೇ? ಎಷ್ಟು ಹೊತ್ತು? ಅವತ್ತೇ ಯಾಕೆ ದೂರು ಕೊಡಲಿಲ್ಲ? ಮೂತ್ರಕ್ಕೆ ನಿಂತಿದ್ದೆ, ಬಟ್ಟೆ ಬದಲಿಸುತ್ತಿದ್ದೆ ಎಂಬ ಉತ್ತರ ಆರೋಪಿಯ ಬಳಿ ಯಾವಾಗಲೂ ತಯಾರಿರುತ್ತದೆ. ಕೆಲವು ಸಲ ಅದು ನಿಜವೂ ಹೌದು. ಮರೆವಿನ ಕಾಯಿಲೆಯ ವೃದ್ಧ, ಶೌಚಾಲಯ ಸಿಗದವನು, ರಸ್ತೆಯೇ ಮನೆಯಾದವನು, ಇವರಲ್ಲಿ ಯಾರನ್ನೂ ಕಾಡುವ ಉದ್ದೇಶ ಇರುವುದಿಲ್ಲ. ಆದ್ದರಿಂದ ಈ ಪ್ರಶ್ನೆಗಳು ಬೇಕೇ ಬೇಕು. ಆದರೆ ಕೇಳುವ ರೀತಿ ಮುಖ್ಯ. ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಬೇರೆ ಹೆಂಗಸರಿಗೂ ಹೀಗಾಗಿದೆಯೇ ಎಂದು ತನಿಖಾಧಿಕಾರಿ ಹುಡುಕಿದರೆ, ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲೇ ತೆಗೆದರೆ, ಸಾಬೀತು ಮಾಡುವ ಭಾರವೆಲ್ಲ ಆ ಒಬ್ಬಳ ನೆನಪಿನ ಮೇಲೆ ಬೀಳುವುದಿಲ್ಲ.

ಈಗ ಜಾಗದ ಪ್ರಶ್ನೆಯೂ ಬದಲಾಗಿದೆ. ಬ್ರೈಟನ್ನಿನ ಕಿಟಕಿಗಳ ಬದಲು ಕೈಯಲ್ಲಿ ಫೋನ್ ಇದೆ. ಕೇಳದೆಯೇ ಗುಪ್ತಾಂಗದ ಫೋಟೊ ಕಳಿಸುವುದನ್ನು ಇಂಗ್ಲೆಂಡ್ 2024ರ ಜನವರಿ 31ರಿಂದ ಪ್ರತ್ಯೇಕ ಅಪರಾಧ ಮಾಡಿದೆ. ಅದನ್ನು ಇಟ್ಟಿರುವುದು ಮೈ ತೋರಿಸುವ ಅಪರಾಧದ ಪಕ್ಕದ ಸೆಕ್ಷನ್‌ನಲ್ಲೇ. ಬೀದಿ, ಪಾರ್ಕು ಎಂಬ ಮಾತೇ ಅಲ್ಲಿಲ್ಲ. ಕಳಿಸಿದವನು ಸಂಕಟ ಕೊಡಲು ಕಳಿಸಿದನೇ, ಅಥವಾ ನೋಡುವವರು ಹೇಗೆ ನೊಂದುಕೊಳ್ಳುತ್ತಾರೆ ಎಂಬ ಪರಿವೆಯಿಲ್ಲದೆ ತನ್ನ ಸುಖಕ್ಕಾಗಿ ಕಳಿಸಿದನೇ ಎಂದು ನೋಡುತ್ತಾರೆ. ಮೊದಲ ಶಿಕ್ಷೆ ಅದೇ ವರ್ಷದ ಮಾರ್ಚ್‌ನಲ್ಲಿ ಆಯಿತು, 66 ವಾರಗಳ ಜೈಲು.

ನಮ್ಮಲ್ಲಿ ಇಂಥದ್ದೊಂದು ನೇರ ಸೆಕ್ಷನ್ ಇಲ್ಲ. ಎದುರಿಗಿರುವುದು ಮಗುವಾದರೆ ಕಾನೂನು ಸ್ಪಷ್ಟವಾಗಿದೆ. ಲೈಂಗಿಕ ಉದ್ದೇಶದಿಂದ ಮಗುವಿಗೆ ದೇಹದ ಭಾಗ ತೋರಿಸುವುದು ಅಪರಾಧ ಎಂದು ಪೋಕ್ಸೊ ಕಾಯ್ದೆಯ 11ನೇ ಸೆಕ್ಷನ್ ಆ ಪದ ಬಳಸಿಯೇ ಹೇಳುತ್ತದೆ. ಮೂರು ವರ್ಷದವರೆಗೆ ಜೈಲು. ವಯಸ್ಕ ಹೆಣ್ಣಾದರೆ ನ್ಯಾಯ ಸಂಹಿತೆಯ 79ಕ್ಕೆ ಹೋಗಬೇಕು. ಅಲ್ಲಿ ಮಾತು, ಸದ್ದು, ಸನ್ನೆ, ವಸ್ತು ತೋರಿಸುವುದು ಎಂದಿದೆ. ದೇಹದ ಭಾಗ ಎಂದಿಲ್ಲ. ಮೈ ತೋರಿಸಿದ್ದು ಸನ್ನೆಯೇ ಎಂದು ವಕೀಲರು ವಾದಿಸಬೇಕು. ಜೊತೆಗೆ ಹೆಣ್ಣಿನ ಮಾನಕ್ಕೆ ಧಕ್ಕೆ ತರುವ ಉದ್ದೇಶವಿತ್ತು ಎಂದೂ ತೋರಿಸಬೇಕು. ಕಾಡಿಸಿಕೊಂಡವನು ವಯಸ್ಕ ಗಂಡಸಾದರೆ 79 ಕೂಡ ಇಲ್ಲ. ಉಳಿಯುವುದು 296 ಮಾತ್ರ, ಅದೂ ಸಾರ್ವಜನಿಕ ಜಾಗದಲ್ಲಿ ನಡೆದಿದ್ದರೆ.

ಒಂದೂವರೆ ಶತಮಾನದ ನಂತರ ದಂಡ ಸಂಹಿತೆಯನ್ನು ಹೊಸದಾಗಿ ಬರೆಯುವ ಅವಕಾಶ ಸಿಕ್ಕಿತ್ತು. ಆಗಲೂ ಅಶ್ಲೀಲ ಹಾಡು ಹೇಳುವವನನ್ನೂ ಹುಡುಗಿಯ ಎದುರು ಪ್ಯಾಂಟ್ ಬಿಚ್ಚುವವನನ್ನೂ ಒಂದೇ ಸೆಕ್ಷನ್‌ನೊಳಗೆ ಉಳಿಸಿಕೊಂಡರು. ಇವೆರಡನ್ನೂ ಬೇರೆ ಮಾಡಬೇಕು. ಒಪ್ಪಿಗೆಯಿಲ್ಲದ ವ್ಯಕ್ತಿಯ ಎದುರು, ಆಕೆಯನ್ನೋ ಅವನನ್ನೋ ಕಾಡುವುದಕ್ಕಾಗಲಿ ತನ್ನ ಲೈಂಗಿಕ ಸುಖಕ್ಕಾಗಲಿ, ಬೇಕೆಂದೇ ಗುಪ್ತಾಂಗ ತೋರಿಸುವುದು ಅಪರಾಧ ಎಂದು ಒಂದು ಸೆಕ್ಷನ್ ಬರೆದರೆ ಸಾಕು. ಬೀದಿಯಲ್ಲಿ ನಡೆದರೂ, ಲಿಫ್ಟಿನಲ್ಲಿ ನಡೆದರೂ, ವಿಡಿಯೊ ಕಾಲ್‌ನಲ್ಲಿ ನಡೆದರೂ ಅದು ಅನ್ವಯಿಸಬೇಕು. ಆಗ ದೂರು ಕೊಡಲು ಠಾಣೆಗೆ ಬಂದವಳಿಗೆ ಯಾವ ಸೆಕ್ಷನ್ ಹಾಕುವುದು ಎಂದು ಪೊಲೀಸರು ತಡಕಾಡಬೇಕಾಗಿಲ್ಲ. ಗಿಡ್ಡ ಸ್ಕರ್ಟಿನ ಕುಣಿತಕ್ಕೆ ಎಫ್‌ಐಆರ್ ಹಾಕಲು ಅದರಲ್ಲಿ ಜಾಗವೂ ಇರುವುದಿಲ್ಲ.